ಕೆಮ್ಮದೆ ಬರುವವರು

ಕೆಳಗೆ ಮೆಟ್ಟಿಲ ಬುಡದಲ್ಲಿ ಗಂಡಸೊಬ್ಬ ಕೆಮ್ಮಿದ. ಗಂಟಲು ಕೆಟ್ಟವನ ಕೆಮ್ಮಲ್ಲ, ಬರುತ್ತಿದ್ದೇನೆ ಎಂದು ತಿಳಿಸುವ ಕೆಮ್ಮು. ಇನ್ನೊಮ್ಮೆ ಕೆಮ್ಮಿ, 'ದಾರಿ, ದಾರಿ' ಎಂದು ಕೂಗಿ, ಮೇಲಿನ ಹೆಂಗಸರು ತಲೆಯ ಮೇಲೆ ಬಟ್ಟೆ ಎಳೆದುಕೊಳ್ಳುವಷ್ಟು ಹೊತ್ತು ಕೊಟ್ಟು, ಆಮೇಲೆ ನೀರಿನ ಕ್ಯಾನಿನವನು ಮೆಟ್ಟಿಲು ಹತ್ತತೊಡಗಿದ. ವಿಜ್ದಾನಳ ಕೈ ತಾನಾಗಿಯೇ ಹೆಗಲ ಮೇಲಿದ್ದ ಕಪ್ಪು ತಲೆವಸ್ತ್ರವನ್ನು ಮೇಲೆ ಎಳೆದುಕೊಂಡಿತು. ಬಾಗಿಲು ಮುಚ್ಚಿಯೇ ಇತ್ತು, ಅವನು ಒಳಗೆ ಬರುವವನೂ ಅಲ್ಲ. ಕ್ಯಾನನ್ನು ಹೊರಗಿಟ್ಟು, ಹೋಗುತ್ತಿದ್ದೇನೆ ಎಂದು ಮತ್ತೊಮ್ಮೆ ಕೆಮ್ಮಿ ಇಳಿದುಹೋದ. ಇಷ್ಟು ವರ್ಷ ಈ ಕೆಮ್ಮನ್ನು ಅವಳು ಕೇಳಿಸಿಕೊಂಡೇ ಇರಲಿಲ್ಲ, ಉಸಿರನ್ನು ಹೇಗೆ ಕೇಳಿಸಿಕೊಳ್ಳುವುದಿಲ್ಲವೋ ಹಾಗೆ. ಇವತ್ತು ಮಾತ್ರ ಆ ಹೆಜ್ಜೆಗಳು ಬೀದಿಯ ಗದ್ದಲದಲ್ಲಿ ಕರಗುವ ತನಕ ಕಿವಿಗೊಟ್ಟು ನಿಂತಳು. ಮಗಳು ರಗದ್ ಈ ಸ್ಟುಡಿಯೋದೊಳಕ್ಕೆ ತರಬೇಕೆಂದು ಹಟ ಹಿಡಿದಿರುವ ಆ ವಸ್ತು, ಫೋಟೋಗಳನ್ನು ದೂರದ ಯಾರದೋ ಯಂತ್ರದಲ್ಲಿ ಇಡುವ ಆ ಕ್ಲೌಡು, ಅದು ಬರುವಾಗ ಕೆಮ್ಮುತ್ತದೆಯೇ? ಕೆಮ್ಮದೆ ಬರುವವನನ್ನು ಏನೆಂದು ಕರೆಯುತ್ತಾರೆ? ಕಳ್ಳ ಎನ್ನುತ್ತಾರೆ. ಇಲ್ಲವೇ ಗಂಡ ಎನ್ನುತ್ತಾರೆ. ಮೂರನೆಯ ಹೆಸರು ಅವಳಿಗೆ ಗೊತ್ತಿರಲಿಲ್ಲ.

ಗೋಡೆಗೆ ಆತು ನಿಂತ ಉಕ್ಕಿನ ಬೀರುವಿನ ಬೀಗದಕೈ ಅವಳ ಕೊರಳಲ್ಲಿತ್ತು. ಬೀರುವಿನೊಳಗೆ ಕೆಂಪು ಮಖಮಲ್ಲಿನ ಚೀಲಗಳಲ್ಲಿ ಜಿದ್ದಾ ಊರಿನ ಮದುವೆಗಳು ಮಲಗಿದ್ದವು. ಒಂದೊಂದು ಡಿಸ್ಕಿನಲ್ಲಿ ಒಂದೊಂದು ಮನೆತನದ ಮದುಮಗಳು, ಅವಳ ಅಕ್ಕತಂಗಿಯರು, ಕೂದಲು ಬಿಚ್ಚಿ ಕುಣಿದ ಅತ್ತೆಯರು, ಬೆವರಿಗೆ ಕಾಡಿಗೆ ಇಳಿದ ತಾಯಂದಿರು. ಹೆಂಗಸರ ಸಭಾಂಗಣದ ಬಾಗಿಲಲ್ಲಿ ಕಾವಲಿನ ಹೆಂಗಸರು ಬಂದವರ ಮೊಬೈಲುಗಳನ್ನೆಲ್ಲ ಕಸಿದು ಚೀಟಿ ಅಂಟಿಸಿದ ಚೀಲದಲ್ಲಿ ಹಾಕಿಡುತ್ತಾರೆ. ಒಳಗೆ ಹೋಗುವ ಕ್ಯಾಮರಾ ಒಂದೇ, ವಿಜ್ದಾನಳದು. ಇದನ್ನು ಕಲಿಸಿದವಳು ಸೋದರತ್ತೆ ಸನಿಯ್ಯಾ. ಅವಳ ಕಾಲದಲ್ಲಿ ಫೋಟೋ ಕೊಟ್ಟ ದಿನವೇ ಮದುಮಗಳ ತಾಯಿಯ ಎದುರಿಗೇ ನೆಗೆಟಿವ್‌ಗಳನ್ನು ಕತ್ತರಿಯಿಂದ ಕತ್ತರಿಸಿ, ಆ ಚೂರುಗಳನ್ನು ತಾಯಿಯ ಕೈಗೇ ಹಾಕುತ್ತಿದ್ದಳು. ನಂಬಿಕೆಯಿಂದ ಕೊಟ್ಟದ್ದು ಒಂದೇ ಜಾಗದಲ್ಲಿರಬೇಕು, ಎರಡು ಜಾಗದಲ್ಲಿಟ್ಟರೆ ಒಂದು ಜಾಗ ಸುಳ್ಳು ಎನ್ನುತ್ತಿದ್ದಳು ಅತ್ತೆ. ಡಿಸ್ಕುಗಳು ಬಂದಾಗ ಅಂಗಡಿಯವನು ಇನ್ನೊಂದು ಪ್ರತಿ ಇಟ್ಟುಕೊಳ್ಳಿ ಎಂದರೆ ವಿಜ್ದಾನ್ ನಕ್ಕಿದ್ದಳು. ಒಂದೇ ಪ್ರತಿ, ಒಂದೇ ಬೀರು, ಒಂದೇ ಬೀಗದಕೈ. ಅದು ಅವಳಿಗೆ ಬರೀ ಕಸುಬಿನ ಕ್ರಮವಾಗಿರಲಿಲ್ಲ. ಹಾಗಿರುವುದರಿಂದಲೇ ಊರಿನ ಹೆಂಗಸರು ಅವಳ ಮುಂದೆ ಮುಖದ ಬಟ್ಟೆ ಸರಿಸುತ್ತಿದ್ದರು.

ಆ ಬೀರುವಿನಲ್ಲೇ ಗಾಲಿಯಾ ಎಂಬ ಹುಡುಗಿಯ ಮದುವೆ ಸತ್ತಿತ್ತು. ಎ.ಸಿ. ಕೆಟ್ಟ ವಾರ ಅದು. ಚೀಲದಿಂದ ತೆಗೆದು ಜೋಡಿಸಿದರೆ ಡಿಸ್ಕು ಖರ್ಜೂರದ ಬೀಜ ಹಲ್ಲಿಗೆ ಸಿಕ್ಕಂತೆ ಕಟಕಟ ಎಂದು ಸುಮ್ಮನಾಗಿತ್ತು. ಫಲಸ್ತೀನ್ ರಸ್ತೆಯ ರಿಪೇರಿ ಅಂಗಡಿಗೆ ತಾನೇ ಹೋಗಿದ್ದಳು. ತೆಳು ಮೀಸೆಯ ಹುಡುಗ ಡಿಸ್ಕನ್ನು ಕಿವಿಯ ಹತ್ತಿರ ಹಿಡಿದು, 'ಇದ್ರಲ್ಲಿ ಜೀವ ಇದೆ ಖಾಲಾ, ಎರಡು ದಿನ ಬಿಟ್ಟು ಹೋಗಿ, ತೆಗೆದುಕೊಡ್ತೀನಿ,' ಎಂದಿದ್ದ. ತೆಗೆದದ್ದು ಸರಿಯಾಗಿ ಬಂದಿದೆಯೋ ಇಲ್ಲವೋ ಎಂದು ನಿನಗೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದಳು. 'ನೋಡ್ತೀನಲ್ಲ,' ಎಂದ ಆತ. ಅವಳು ಕೈ ಚಾಚಿದಳು. ಆತ ಅರ್ಥವಾಗದೆ ಅವಳ ಖಾಲಿ ಅಂಗೈಯನ್ನೇ ನೋಡಿದ. ಡಿಸ್ಕನ್ನು ಕಿತ್ತುಕೊಂಡು ಕೈಚೀಲಕ್ಕೆ ಹಾಕಿ ಹೊರಗೆ ಬಂದಾಗ ಬಿಸಿಲಿಗೆ ಕಣ್ಣು ಕತ್ತಲೆ ಬಂದಿತ್ತು. ಆಗಲೂ ತಾನು ಮಾಡಿದ್ದು ಸರಿ ಎಂದೇ ಅನ್ನಿಸಿತ್ತು, ಕಾರಿನೊಳಗೆ ಕೂತ ಮೇಲೆ ಮಾತ್ರ ಸಿತ್ತಿ ಬಹಿಯ್ಯಾಳ ನೆನಪು ಬಂತು.

ಸಿತ್ತಿ ಬಹಿಯ್ಯಾ ಗಾಲಿಯಾಳ ಅಜ್ಜಿ. ಗುರುತಿನ ಚೀಟಿಗೂ ಫೋಟೋ ಬೇಡವೆಂದು ಕಚೇರಿಯವರ ಹತ್ತಿರ ಜಗಳವಾಡಿದ ಮುದುಕಿ, ಮದುವೆಯ ರಾತ್ರಿ ಸಭಾಂಗಣದ ಮೂಲೆಯಲ್ಲಿ ಕೂತು ಏಲಕ್ಕಿಯ ಕಾಫಿ ಕುಡಿಯುತ್ತ ಕೈಬೆರಳಿನಿಂದ ವಿಜ್ದಾನಳನ್ನು ಕರೆದಿದ್ದಳು. 'ಒಂದು ತೆಗಿ. ನಿನ್ನ ಕಣ್ಣು ನೋಡ್ಲಿ, ಆಮೇಲೆ ನನ್ನ ಮೊಮ್ಮಗಳ ಕಣ್ಣು ನೋಡ್ಲಿ. ಅಷ್ಟು ಸಾಕು ನಂಗೆ.' ಬಿಳಿಯ ತಲೆಬಟ್ಟೆಯನ್ನು ತಾನೇ ತೆಗೆದು ಮಡಿಲಲ್ಲಿ ಮಡಿಸಿಟ್ಟುಕೊಂಡು, ಗೋರಂಟಿ ಹಚ್ಚಿದ ತೆಳುಗೂದಲನ್ನು ಕೈಯಿಂದ ಸವರಿ, ಕ್ಯಾಮರಾದೊಳಗೆ ನೆಟ್ಟಗೆ ನೋಡಿದ್ದಳು. ಹಜ್ಜಿನ ತಿಂಗಳು ಮುಗಿಯುವ ಮೊದಲೇ ಮುದುಕಿ ತೀರಿಕೊಂಡಳು. ಗಾಲಿಯಾಳ ತಾಯಿ ಉಮ್ಮ್ ಹಾತಿಮ್ ಆವಾಗಿನಿಂದ ಎರಡು ಸಲ ಫೋನು ಮಾಡಿದ್ದಳು. ಮೊದಲ ಸಲ ವಿಜ್ದಾನ್ ಆಲ್ಬಮ್ಮಿನ ಹೊದಿಕೆ ಬಂದಿಲ್ಲ ಎಂದಳು. ಎರಡನೆಯ ಸಲ ಯಂತ್ರ ಕೆಟ್ಟಿದೆ ಎಂದಳು, ಹಾಗೆನ್ನುವಾಗ ಅದು ಅರ್ಧ ನಿಜ ಎಂಬ ಸಮಾಧಾನವೂ ಆಗಿ, ಆ ಸಮಾಧಾನಕ್ಕೆ ನಾಚಿಕೆಯೂ ಆಯಿತು. ಇವತ್ತು ಇಳಿಹೊತ್ತಿನ ಅಸರ್ ನಮಾಜು ಆದ ಮೇಲೆ ತಾಯಿ ಮಗಳು ಇಬ್ಬರೂ ಬರುತ್ತಾರೆ. ಇವತ್ತು ಹೇಳಲು ಅವಳ ಹತ್ತಿರ ಏನೂ ಉಳಿದಿರಲಿಲ್ಲ.

'ಉಮ್ಮಿ, ಫೋನು. ಊರಿನ ಕ್ಲೌಡು ಕಂಪನಿಯವರು,' ಎಂದಳು ರಗದ್. ಫೋನನ್ನು ಮೇಜಿನ ಮೇಲಿಟ್ಟು ದನಿ ಜೋರು ಮಾಡಿದಳು. ಆ ಕಡೆಯಿಂದ ಇಯಾದ್ ಎಂಬ ಯುವಕನ ಉಪ್ಪು ಖಾರ ಹದವಾಗಿ ಬೆರೆತ ಮಾತು ಕೇಳಿಸಿತು. 'ಖಾಲಾ, ನೀವು ಹೆದರೋದೇ ಬೇಡ. ಹೊರಗಿನವರಿಗೆ ಕೊಟ್ರೆ ನಿಮ್ಮ ಫೋಟೋ ಯಾವ ದೇಶದಲ್ಲಿರುತ್ತೋ ದೇವರೇ ಬಲ್ಲ. ನಮ್ಮದಾದ್ರೆ ಇಲ್ಲೇ, ಊರಾಚೆ ರಸ್ತೇಲಿ ನಮ್ಮ ಕಟ್ಟಡ. ಕೆಲಸದವರೆಲ್ಲ ನಮ್ಮ ಹುಡುಗ್ರೇ. ಒಳ್ಳೆ ಮನೆತನದವರು.'

'ಎಲ್ಲಾ ಈ ಊರಿನವರೇ?'

'ಎಲ್ಲಾ ಇಲ್ಲಿಯವರೇ ಖಾಲಾ! ಮತ್ತೆ ನಂಗೆ ನಿಮ್ಮ ಗುರುತಿದೆ. ನನ್ನ ಅಣ್ಣನ ಮದುವೆಗೆ ನೀವೇ ಬಂದಿದ್ರಿ. ನಮ್ಮ ಅತ್ತಿಗೆ ಈಗಲೂ ನಿಮ್ಮನ್ನ ಹೊಗಳ್ತಾಳೆ.'

ಅವನ ಅತ್ತಿಗೆ ವಿಜ್ದಾನಳಿಗೆ ನೆನಪಾದಳು, ಎಡಭುಜದ ಮೇಲಿನ ಮಚ್ಚೆಯ ಸಮೇತ ನೆನಪಾದಳು. ಆ ಮಚ್ಚೆ ಈಗ ಕೆಂಪು ಚೀಲವೊಂದರಲ್ಲಿ ಬೀಗದೊಳಗಿತ್ತು. ನಾಳೆ ಅದು ಊರಾಚೆಯ ರಸ್ತೆಯ ಕಟ್ಟಡದಲ್ಲಿರುತ್ತದೆ, ಆ ಕಟ್ಟಡದಲ್ಲಿ ಈ ಹುಡುಗ ಚಹಾ ಕುಡಿಯುತ್ತಾನೆ. 'ಯೋಚನೆ ಮಾಡ್ತೀನಿ ಮಗನೇ,' ಎಂದಳು. ಫೋನು ಇಟ್ಟ ಮೇಲೆ ರಗದ್, 'ಪಾಪ, ನಿನ್ನ ಖುಷಿಪಡ್ಸೋಕೆ ಹೇಳಿದ್ದು ಅವನು,' ಎಂದಳು.

'ಗುರುತಿದೆ ಅಂದನಲ್ಲ, ಅಲ್ಲಿಗೆ ಮುಗೀತು.'

'ಎಲ್ಲರೂ ಗುರುತಿರೋರನ್ನ ಹುಡುಕ್ತಾರೆ, ನೀನು ಗುರುತಿರೋರಿಂದ ಓಡ್ತೀಯ.'

ಓಡದೆ ಏನು ಮಾಡುವುದು? ಅವಳ ತಾಯಿ ಬಂದರಿನ ಹತ್ತಿರದ ಮನೆಯಲ್ಲಿದ್ದಾಗ ಹಡಗಿನ ಪರದೇಶಿಯರು ಕಿಟಕಿಯ ಕೆಳಗೆ ಹಾದರೆ ತಲೆ ಮುಚ್ಚುತ್ತಿರಲಿಲ್ಲ. ಎದುರು ಮನೆಯ ಯಜಮಾನ ಹಾದರೆ ಬಾಗಿಲ ಹಿಂದೆ ಸರಿಯುತ್ತಿದ್ದಳು. ಹೆಸರು ಗೊತ್ತಿರುವವನ ಕಣ್ಣಿಗೆ ಮಾತ್ರ ಭಾರವಿರುತ್ತದೆ, ಉಳಿದವರದು ಗಾಳಿ, ಎಂದು ಬಾಲ್ಯದಲ್ಲಿ ಕಲಿತದ್ದನ್ನು ಅವಳು ಎಂದೂ ಪ್ರಶ್ನಿಸಿರಲಿಲ್ಲ. ಹಾಗಾದರೆ ಹೊರಗಿನವರೇ ಸರಿಯೇ? ಆದರೆ ಪರದೇಶಿ ನಾವಿಕ ಹಾದುಹೋಗುತ್ತಿದ್ದ, ಹಡಗು ಹೊರಡುತ್ತಿತ್ತು. ಇದು ಹೊರಡುವುದಿಲ್ಲ. ಇದು ಕಿಟಕಿಯ ಕೆಳಗೇ ನಿಂತಿರುತ್ತದೆ, ವರ್ಷಗಟ್ಟಲೆ, ತಲೆಯೆತ್ತಿ.

ಹೊರಗಿನ ಕಂಪನಿಯ ಹೆಂಗಸು ಲ್ಯಾಪ್‌ಟಾಪಿನ ಪರದೆಯ ಮೇಲೆ ಬಂದಳು. ದುಬೈಯಲ್ಲಿರುವ ಬೈರೂತಿನವಳು, ಹೆಸರು ಜೋಯೆಲ್. ರಗದ್ ಲ್ಯಾಪ್‌ಟಾಪನ್ನು ತಿರುಗಿಸಿದಾಗ ಅದರ ಪುಟ್ಟ ಕ್ಯಾಮರಾದ ಮೇಲೆ ಗಾಯಕ್ಕೆ ಅಂಟಿಸುವ ಪಟ್ಟಿ ಅಂಟಿತ್ತು. ಬೆಳಿಗ್ಗೆ ವಿಜ್ದಾನಳೇ ಅಂಟಿಸಿದ್ದು. 'ಮದಾಮ್, ನೀವು ನಂಗೆ ಕಾಣ್ತಾ ಇಲ್ಲ,' ಎಂದಳು ಜೋಯೆಲ್. 'ಪರವಾಗಿಲ್ಲ,' ಎಂದಳು ವಿಜ್ದಾನ್. ತನ್ನನ್ನು ಕಾಣದವಳನ್ನು ತಾನು ಕಾಣುವುದರಲ್ಲಿ ಒಂದು ಹಳೆಯ ಸುಖವಿತ್ತು, ಮರದ ಜಾಲಂಧ್ರದ ಹಿಂದೆ ಕೂತ ಸುಖ. ಕೇಳಬೇಕಾದ್ದನ್ನು ಅವಳು ನೇರವಾಗಿಯೇ ಕೇಳಿದಳು: ಬೀಗದಕೈ ಯಾರ ಹತ್ತಿರ ಇರುತ್ತದೆ?

'ಯಾರ ಹತ್ತಿರವೂ ಇರಲ್ಲ ಮದಾಮ್. ನಿಮ್ಮ ಹತ್ತಿರ ಮಾತ್ರ. ನಮ್ಮಲ್ಲಿ ಮನುಷ್ಯರ್‍ಯಾರೂ ನೋಡಲ್ಲ.'

'ಕೋಣೆ ಅಂದ ಮೇಲೆ ಯಾರಾದ್ರೂ ಕಸ ಗುಡಿಸ್ಲೇಬೇಕಲ್ಲ?'

ಜೋಯೆಲ್ ನಕ್ಕಳು. 'ಎಲ್ಲಾ ಯಂತ್ರಾನೇ ಮಾಡುತ್ತೆ. ಯಂತ್ರಕ್ಕೆ ಕಣ್ಣಿಲ್ಲ ಮದಾಮ್.'

'ನನ್ನ ಕ್ಯಾಮರಾನೂ ಯಂತ್ರಾನೇ,' ಎಂದಳು ವಿಜ್ದಾನ್.

ಪರದೆಯ ಹೆಂಗಸು ಇನ್ನೊಮ್ಮೆ ನಕ್ಕಳು. ರಗದ್ ನಡುವೆ ಬಂದು ಸಂಜೆಯೊಳಗೆ ಹೇಳುತ್ತೇವೆ ಎಂದು ಮಾತು ಮುಗಿಸಿದಳು. ಆ ಅವಸರ ವಿಜ್ದಾನಳಿಗೆ ಹಿಡಿಸಲಿಲ್ಲ. ಜೋಯೆಲ್ ಬೀಳ್ಕೊಡುವಾಗ 'ನಿಮ್ಮ ಪ್ರಾಯೋಗಿಕ ಅವಧಿ ಇವತ್ತಿಗೆ ಮುಗಿಯುತ್ತೆ, ನೆನಪಿರಲಿ ರಗದ್' ಎಂದಿದ್ದಳು. ಹೆಸರು ಹಿಡಿದು. ಹಳೆಯ ಪರಿಚಯದವಳ ಹಾಗೆ. ಮಗಳು ಕಪ್ಪು ತೊಳೆಯಲು ಎದ್ದು ಹೋದಳು, ತೊಳೆದ ಕಪ್ಪನ್ನೇ ಮತ್ತೆ ತೊಳೆದಳು. ಚಿಕ್ಕವಳಿದ್ದಾಗ ಜ್ವರ ಬಂದುದನ್ನು ಮುಚ್ಚಿಟ್ಟು ಶಾಲೆಗೆ ಹೊರಡುವಾಗಲೂ ಹೀಗೇ ಬೆನ್ನು ತಿರುಗಿಸಿಕೊಂಡು ನಿಲ್ಲುತ್ತಿದ್ದಳು. ಕೂಲಿಯವಳಂತೆ ದುಡಿದು ಬಂದ ತಾಯಿಗೆ ಇನ್ನೊಂದು ಕೆಲಸ ಕೊಡಬಾರದೆಂದು. ಎಷ್ಟು ಸಲ ಅದನ್ನು ಗಮನಿಸದೆ ಹೋಗಿದ್ದೆ ಎಂದುಕೊಂಡಳು ವಿಜ್ದಾನ್, ಹಾಗೆಯೇ ಇವಳು ನನ್ನಿಂದ ಏನನ್ನು ಮುಚ್ಚಿಟ್ಟಿದ್ದಾಳೆ ಎಂದೂ ಅಂದುಕೊಂಡಳು, ಎರಡೂ ಒಂದೇ ಉಸಿರಿಗೆ.

'ಪ್ರಾಯೋಗಿಕ ಅಂದ್ರೇನು?'

ರಗದ್ ತಿರುಗಲಿಲ್ಲ. 'ಗಾಲಿಯಾಳ ಮದುವೆ ಕಳೆದುಹೋಗಿಲ್ಲ ಉಮ್ಮಿ.'

ಸುರಿಯುತ್ತಿದ್ದ ನಲ್ಲಿಯನ್ನು ವಿಜ್ದಾನ್ ಹೋಗಿ ತಿರುಗಿಸಿ ನಿಲ್ಲಿಸಿದಳು.

'ಮದುವೆಯಿಂದ ಬಂದ ರಾತ್ರಿ ನೀನು ಮಲಗಿದ್ದೆ. ಕ್ಯಾಮರಾದ ಕಾರ್ಡು ನೀನು ಅಳಿಸೋ ಮುಂಚೆ ನಾನು ಅದರಲ್ಲಿದ್ದದ್ದನ್ನ ಕ್ಲೌಡಿಗೆ ಹಾಕ್ದೆ. ಈ ಸಲದ ಮದುವೆಗಳನ್ನೆಲ್ಲ ಹಾಕಿದ್ದೀನಿ, ಬರೀ ಪರೀಕ್ಷೆಗೆ ಅಂತ. ಡಿಸ್ಕು ಸತ್ತ ದಿನ ಹೇಳೋಣ ಅಂದ್ಕೊಂಡೆ. ನೀನು ರಿಪೇರಿ ಅಂಗಡಿಯಿಂದ ಬಂದ ಮುಖ ನೋಡಿ ಬಾಯಿ ಬರ್ಲಿಲ್ಲ.'

ಉಳಿದಿದೆ ಎಂದು ತಿಳಿದವಳು ಮೊದಲು ದೇವರಿಗೆ ಕೈಯೆತ್ತಬೇಕಿತ್ತು. ವಿಜ್ದಾನಳ ಬಾಯಿಂದ ಬಂದದ್ದು ಬೇರೆ. 'ಯಾರು ನೋಡಿದ್ರು?'

'ಯಾರೂ ಇಲ್ಲ.'

'ತೋರಿಸು.'

ಪರದೆ ತೆರೆದುಕೊಂಡಿತು. ಫೋಟೋಗಳ ಮೇಲ್ಗಡೆ, ಯಾರೂ ಹೇಳದೆ, ಯಾರೂ ಕೇಳದೆ, ದುಂಡು ದುಂಡಾಗಿ ಕತ್ತರಿಸಿಟ್ಟ ಮುಖಗಳ ಸಾಲೊಂದಿತ್ತು. ಒಂದೊಂದು ಮುಖದ ಕೆಳಗೂ 'ಇವರು ಯಾರು?' ಎಂದು ಬರೆದಿತ್ತು. ಮದುವಣಗಿತ್ತಿಯರು, ಅತ್ತೆಯರು, ಹಲ್ಲು ಬಿದ್ದ ಮಕ್ಕಳು. ಅತ್ತೆ ಸನಿಯ್ಯಾಳ ಕತ್ತರಿ ಅವಳ ಕಣ್ಣಿಗೆ ಕಟ್ಟಿತು. ಆ ಕತ್ತರಿ ಯಾರಿಗೂ ಕಾಣದಂತೆ ಮಾಡುತ್ತಿತ್ತು, ಈ ಕತ್ತರಿ ಒಬ್ಬೊಬ್ಬರನ್ನೇ ಗುಂಪಿನಿಂದ ಬಿಡಿಸಿ ನಿಲ್ಲಿಸಿತ್ತು. ಒಂದು ದುಂಡಿನೊಳಗೆ ಅರ್ಧ ಮುಖ ಮಾತ್ರವಿತ್ತು, ಉಳಿದರ್ಧಕ್ಕೆ ಕಪ್ಪು ಯಂತ್ರ ಅಡ್ಡ ಬಂದಿತ್ತು. ಯಾರಿದು ಎಂದುಕೊಂಡು ಬಗ್ಗಿ ನೋಡಿದರೆ ತಾನೇ. ಸಿಂಗಾರದ ಕೋಣೆಗಳ ಕನ್ನಡಿಗಳಲ್ಲಿ, ಮದುಮಗಳ ಹೆಗಲ ಹಿಂದೆ, ಕ್ಯಾಮರಾಕ್ಕೆ ಕಣ್ಣು ಕೊಟ್ಟು ನಿಂತ ದಣಿದ ಹೆಂಗಸು, ತುಟಿ ಕಚ್ಚಿಕೊಂಡು. ಬೇರೆ ಬೇರೆ ಮನೆ, ಬೇರೆ ಬೇರೆ ಕನ್ನಡಿ. ಅಷ್ಟರಿಂದಲೂ ಅವಳನ್ನು ಹೆಕ್ಕಿ ಒಂದೆಡೆ ಸೇರಿಸಿತ್ತು ಅದು. ಇಷ್ಟು ಕಾಲ ತನ್ನನ್ನು ಯಾರೂ ನೋಡುತ್ತಿಲ್ಲವೆಂಬ ನೆಮ್ಮದಿಯಲ್ಲಿ ಎಲ್ಲರನ್ನೂ ನೋಡಿದ್ದಳು. ಸ್ನಾನದ ಮನೆಯ ಬಾಗಿಲು ಸರಿಯಾಗಿ ಹಾಕಿರಲಿಲ್ಲ ಎಂದು ಆಮೇಲೆ ಗೊತ್ತಾದವಳಂತೆ ಅವಳ ಕಿವಿ ಬಿಸಿಯಾಯಿತು.

ಆಮೇಲೆ ಅದು ಕೇಳಿತು. ಪರದೆಯ ನಡುವೆ ಎರಡು ದುಂಡುಗಳು ಪಕ್ಕಪಕ್ಕ ಬಂದು ನಿಂತವು. ಒಂದರಲ್ಲಿ ಗೋರಂಟಿಯ ಕೂದಲಿನ ಸಿತ್ತಿ ಬಹಿಯ್ಯಾ. ಇನ್ನೊಂದರಲ್ಲಿ ಮದುಮಗಳು ಗಾಲಿಯಾ. ಕೆಳಗೆ ಒಂದು ಸಾಲು: 'ಇವರಿಬ್ಬರೂ ಒಬ್ಬರೇ?'

ವಿಜ್ದಾನ್ ಇನ್ನಷ್ಟು ಬಗ್ಗಿ ನೋಡಿದಳು. ಹುಬ್ಬಿನ ಬಾಗು, ಮೂಗಿನ ಎಡಗಡೆಯ ಸಣ್ಣ ತಗ್ಗು, ನಗುವ ಮೊದಲು ಕೆಳತುಟಿ ಸ್ವಲ್ಪ ಒಳಗೆ ಸರಿಯುವ ಬಗೆ. ಒಬ್ಬರೇ. ಒಂದೇ ರಾತ್ರಿ ಕ್ಯಾಮರಾ ಕಣ್ಣಿಗೊತ್ತಿ ಇಬ್ಬರನ್ನೂ ತೆಗೆದವಳಿಗೆ ಅದು ಕಂಡಿರಲಿಲ್ಲ. ಆ ಮನೆಯ ಹೆಂಗಸರಲ್ಲಿ ಒಬ್ಬರೂ ಹಾಗೆಂದದ್ದನ್ನು ಅವಳು ಕೇಳಿರಲಿಲ್ಲ. ಕಣ್ಣಿಲ್ಲ ಎಂದಿದ್ದಳು ಜೋಯೆಲ್. ನೋಡದವರು ಇದನ್ನು ಕೇಳುವುದು ಸಾಧ್ಯವೇ ಇರಲಿಲ್ಲ. ಅಷ್ಟೇ ಅಲ್ಲ, ಚೆನ್ನಾಗಿ ನೋಡಿತ್ತು, ಹೆತ್ತವರು ನೋಡುವಷ್ಟು ಚೆನ್ನಾಗಿ. ಮುದುಕಿಯ ಮುಖದ ಮೇಲೆ ಯಾರೂ ಇಲ್ಲದ ಹೊತ್ತಿನಲ್ಲಿ ಅಷ್ಟು ಹೊತ್ತು ಕೂತಿತ್ತು. ನಿನ್ನ ಕಣ್ಣು, ಆಮೇಲೆ ನನ್ನ ಮೊಮ್ಮಗಳ ಕಣ್ಣು, ಅಷ್ಟು ಸಾಕು ಎಂದಿದ್ದಳು ಸಿತ್ತಿ.

'ಹೌದು ಅಂತ ಒತ್ಲಾ?' ಎಂದಳು ರಗದ್ ಮೆಲ್ಲಗೆ.

'ಮುಟ್ಟಬೇಡ. ಆಲ್ಬಮ್ ಅಚ್ಚು ಹಾಕು. ಹೊತ್ತಿಲ್ಲ.'

ಅಸರ್ ಆದ ಮೇಲೆ ಉಮ್ಮ್ ಹಾತಿಮ್ ಏದುಸಿರು ಬಿಡುತ್ತ ಮೂರನೆಯ ಮಹಡಿಗೆ ಬಂದಳು, ಹಿಂದೆ ಗಾಲಿಯಾ. ಬಾಗಿಲು ಮುಚ್ಚಿದ ಕೂಡಲೇ ಇಬ್ಬರೂ ಮುಖದ ಬಟ್ಟೆಯನ್ನು ಹಿಂದಕ್ಕೆ ಎಸೆದರು. 'ನಿಮ್ಮ ಮೆಟ್ಟಿಲು ಹತ್ತಿದ್ರೆ ಒಂದು ಉಮ್ರಾ ಯಾತ್ರೆ ಮಾಡಿದಷ್ಟು ಪುಣ್ಯ ಕಣಮ್ಮ,' ಎಂದಳು ಉಮ್ಮ್ ಹಾತಿಮ್. 'ಹೊದಿಕೆ ಚೀನಾದಿಂದ ನಡ್ಕೊಂಡು ಬಂತಾ, ಒಂಟೆ ಮೇಲೆ ಬಂತಾ?' ವಿಜ್ದಾನ್ ನಕ್ಕಳು. ಕಾಫಿ ಬಂತು, ಖರ್ಜೂರ ಬಂತು. ಗಾಲಿಯಾ ಏನನ್ನೂ ಮುಟ್ಟದೆ ಆಲ್ಬಮ್ಮನ್ನು ಮಡಿಲಿಗೆ ಎಳೆದುಕೊಂಡು, ಹಾರಗಳು, ಕೇಕು, ಕುಣಿತಗಳನ್ನೆಲ್ಲ ನೋಡದೆಯೇ ಮಗುಚಿ, ಕೊನೆಯ ಹಾಳೆಗೆ ಬಂದು ನಿಂತಳು. ಅಜ್ಜಿ ನೆಟ್ಟಗೆ ನೋಡುತ್ತಿದ್ದಳು. ಗಾಲಿಯಾ ಅಳಲಿಲ್ಲ. ಬೆರಳ ತುದಿಯಿಂದ ಆ ತೆಳುಗೂದಲನ್ನು ಮಾತ್ರ ಸವರಿದಳು, ಕಾಗದದ ಮೇಲೆ.

ಆಲ್ಬಮ್ ಕೊಟ್ಟಾಗ ಹೇಳುವ ಮಾತೊಂದಿತ್ತು, ಅತ್ತೆಯ ಕಾಲದಿಂದ ಬಂದದ್ದು. ಕತ್ತರಿ ಹೋದ ಮೇಲೂ ಆ ಮಾತು ಉಳಿದಿತ್ತು, ಅದನ್ನು ಕೇಳದೆ ಈ ಊರಿನ ಯಾವ ತಾಯಿಯೂ ಈ ಕೋಣೆಯಿಂದ ಎದ್ದು ಹೋದವಳಲ್ಲ. ಉಮ್ಮ್ ಹಾತಿಮ್ ಕಾಫಿಯ ಬಟ್ಟಲನ್ನು ಅಲ್ಲಾಡಿಸಿ ಸಾಕೆಂದು ಕೆಳಗಿಟ್ಟು ಕಾಯುತ್ತ ಕೂತಳು.

'ನಂಬಿ ಕೊಟ್ಟಿದ್ದನ್ನ ಕೊಟ್ಟ ಹಾಗೇ ಒಪ್ಪಿಸಿದ್ದೀನಿ,' ಎಂದಳು ವಿಜ್ದಾನ್.

'ಹೂಂ. ಇನ್ನರ್ಧ?'

ಇನ್ನರ್ಧ ನಾಲಿಗೆಯ ಮೇಲೆಯೇ ಇತ್ತು. ಇದರ ಮೇಲೆ ಬೇರೆ ಕಣ್ಣು ಬಿದ್ದಿಲ್ಲ ಎಂಬುದು. ಎಷ್ಟೋ ಸಲ ಹೇಳಿ ಹೇಳಿ ಸವೆದ ಮಾತು. ಈಗಲೂ ಹೇಳಿಬಿಡಬಹುದಿತ್ತು, ಇವರಿಗೆ ಹೇಗೆ ಗೊತ್ತಾಗುತ್ತದೆ? ಆಲ್ಬಮ್ಮಿನ ಹೊದಿಕೆ ಬಂದಿಲ್ಲ ಎಂದ ಅದೇ ನಾಲಿಗೆ. ರಗದ್ ಬಾಗಿಲ ಹತ್ತಿರ ನಿಂತಿದ್ದಳು. ವಿಜ್ದಾನ್ ಎದ್ದು ಲ್ಯಾಪ್‌ಟಾಪನ್ನು ತಂದು ಖರ್ಜೂರದ ತಟ್ಟೆಯ ಪಕ್ಕದಲ್ಲಿಟ್ಟು ತೆರೆದಳು.

'ನನ್ನ ಬೀರುವಿನಲ್ಲಿ ಇದು ಕಳೆದುಹೋಗಿತ್ತು ಉಮ್ಮ್ ಹಾತಿಮ್. ಎರಡು ಸಲಾನೂ ನಿಮಗೆ ಸುಳ್ಳು ಹೇಳ್ದೆ. ಇದು ಉಳಿದಿದ್ದು ಇಲ್ಲಿ. ಹೊರಗಿನವರ ಹತ್ತಿರ.'

ಪರದೆಯ ಮೇಲೆ ಎರಡು ಮುಖಗಳು ಇನ್ನೂ ಕಾಯುತ್ತಿದ್ದವು. ಗಾಲಿಯಾ ಬಗ್ಗಿ ಆ ಸಾಲನ್ನು ಗಟ್ಟಿಯಾಗಿ ಓದಿದಳು, 'ಇವರಿಬ್ಬರೂ ಒಬ್ಬರೇ,' ಎಂದು. ಅವಳ ಕೈ ತನ್ನ ಮೂಗಿನ ಎಡಗಡೆಗೆ ಹೋಯಿತು.

'ಯಾರು ಕೇಳ್ತಿರೋದು?' ಎಂದಳು ಉಮ್ಮ್ ಹಾತಿಮ್.

ರಗದ್ ತಾಯಿಯ ಕಡೆ ನೋಡಿದಳು.

'ವಿಜ್ದಾನ್, ಯಾರು ಕೇಳ್ತಿರೋದು ಇದನ್ನ?'

'ಗೊತ್ತಿಲ್ಲ.'

ಉಮ್ಮ್ ಹಾತಿಮ್ ಪರದೆಯನ್ನು ಒಂದು ಗಳಿಗೆ ನೋಡಿದಳು. ಆಮೇಲೆ, ಹೆಂಗಸರಲ್ಲದೆ ಇನ್ನಾರೂ ಇಲ್ಲದ ಆ ಕೋಣೆಯಲ್ಲಿ, ಎರಡೂ ಕೈಯೆತ್ತಿ ಮುಖದ ಬಟ್ಟೆಯನ್ನು ಮುಂದಕ್ಕೆ ಇಳಿಬಿಟ್ಟುಕೊಂಡಳು. ಬೈಯಲಿಲ್ಲ. ಬೈದಿದ್ದರೆ ವಿಜ್ದಾನಳಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಆಲ್ಬಮ್ಮನ್ನು ಎದೆಗವಚಿಕೊಂಡು ಎದ್ದು, 'ನಡಿ,' ಎಂದು ಮಗಳಿಗೆ ಹೇಳಿ ಮೆಟ್ಟಿಲು ಇಳಿಯತೊಡಗಿದಳು. ಗಾಲಿಯಾ ಹೊಸ್ತಿಲಲ್ಲಿ ನಿಂತಳು, ಮುಖ ಇನ್ನೂ ತೆರೆದೇ ಇತ್ತು.

'ಖಾಲಾ, ನನ್ನ ಹತ್ತಿರ ಇದ್ರೆ ಯಾವತ್ತಾದ್ರೂ ಕಳೆದು ಹೋಗುತ್ತೆ. ಉಮ್ಮಿ ಹೇಳಿದ್ರೂ ಅದನ್ನ ಅಳಿಸಬೇಡಿ.'

ಕೆಳಗಿನಿಂದ ತಾಯಿ ಕರೆದಳು. ಅವಳು ಹೋದಳು.

ಕಿಟಕಿಯ ಬಿಸಿಲು ಬೀರುವಿನ ತನಕ ಬಂದಿತ್ತು. ಕೊರಳ ಬೀಗದಕೈ ಬೆವರಿಗೆ ಎದೆಗಂಟಿಕೊಂಡಿತ್ತು, ಅದನ್ನು ಬಿಡಿಸಿ ಅಂಗೈಯಲ್ಲಿ ಹಿಡಿದು ವಿಜ್ದಾನ್ ಕೂತಳು. ನಾಳೆಯೊಳಗೆ ಈ ಮಾತು ಎಷ್ಟು ಮನೆಗಳಿಗೆ ಹೋಗುತ್ತದೆ, ಎಷ್ಟು ತಾಯಂದಿರು ಬೇರೆ ಕ್ಯಾಮರಾ ಹುಡುಕುತ್ತಾರೆ ಎಂದು ಅವಳಿಗೆ ಗೊತ್ತಿತ್ತು.

'ಇನ್ನೇನು ಮುಗಿಯುತ್ತೆ ಅವಧಿ,' ಎಂದಳು ರಗದ್. ಅವಳ ದನಿಯಲ್ಲಿ ಹಟ ಉಳಿದಿರಲಿಲ್ಲ. 'ಅಳಿಸಲಾ? ಇಯಾದನ ಕಂಪನಿಗೆ ಹೇಳಲಾ?'

'ಇಲ್ಲೇ ಇರಲಿ. ಈ ಮುಖಗಳ ಹೆಸರು ಗೊತ್ತಿಲ್ಲದವರ ಹತ್ತಿರ. ಅದು ಕೇಳಿದ್ದಕ್ಕೆ ಉತ್ತರ ಕೊಡಬೇಡ. ಹೌದು ಅಂತಾನೂ ಬೇಡ, ಅಲ್ಲ ಅಂತಾನೂ ಬೇಡ. ಯಾರ ಹೆಸರನ್ನೂ ಬರೀಬೇಡ. ಕೇಳ್ತಾ ಇರಲಿ,' ಎಂದಳು.

'ಒಪ್ಪಿಗೆ ನೀನೇ ಕೊಡಬೇಕು ಉಮ್ಮಿ. ಅಂಗಡಿ ನಿನ್ನ ಹೆಸರಲ್ಲಿದೆ.'

ವಿಜ್ದಾನ್ ಎದ್ದಳು. ಮೆಟ್ಟಿಲ ಮೇಲೆ ಯಾರ ಸದ್ದೂ ಇರಲಿಲ್ಲ, ಬಾಗಿಲು ಮುಚ್ಚಿತ್ತು, ಕ್ಯಾಮರಾದ ಮೇಲಿನ ಪಟ್ಟಿ ಅಂಟಿಸಿದಲ್ಲೇ ಇತ್ತು. ಹೆಗಲ ಮೇಲಿದ್ದ ಕಪ್ಪು ವಸ್ತ್ರವನ್ನು ತಲೆಯ ಮೇಲೆ ಎಳೆದುಕೊಂಡು, ಒಂದು ಕೂದಲೂ ಹೊರಗೆ ಕಾಣದಂತೆ ಕಿವಿಯ ಹಿಂದೆ ಸಿಕ್ಕಿಸಿ, ಅವಳು ಪರದೆಯ ಮುಂದೆ ಹೋಗಿ ಕೂತಳು.